ಕಂಬಿಯ ಕೊನೆಗೆ ನಿಂತವಳು

ಮೇಸ್ತ್ರಿಯಮ್ಮನಿಗೆ ಸಿಟ್ಟು ಬರಿಸಲು ಹೆಚ್ಚು ಕಷ್ಟಪಡಬೇಕಾಗಿಲ್ಲ. ಅವಳು ಮಾಡಿಕೊಟ್ಟ ಕಾಲನ್ನು ಹಾಕಿಕೊಂಡು, ನಾಲ್ಕು ಹೆಜ್ಜೆ ನಡೆದು, "ಸ್ವಲ್ಪ ಒತ್ತುತ್ತೆ, ಪರವಾಗಿಲ್ಲ ಬಿಡಿ, ಸಹಿಸ್ಕೋತೀನಿ" ಎಂದರೆ ಸಾಕು. "ಸಹಿಸ್ಕೊಳ್ಳಕ್ಕೆ ನೀನೇನು ಕಲ್ಲು ಬಂಡೆಯಾ? ಬಾಯಿ ಸತ್ತಿದೆಯಾ? ಎಲ್ಲಿ ಒತ್ತುತ್ತೆ ಅಂತ ಬಾಯಿ ಬಿಟ್ಟು ಬೊಗಳಬಾರದಾ?" ಎಂದು ಓಣಿಯ ಆ ತುದಿಗೆ ಕೇಳುವ ಹಾಗೆ ಕೂಗಾಡುತ್ತಾಳೆ. ಎದುರಿಗಿರುವುದು ನಿವೃತ್ತ ಜಡ್ಜೋ, ಎಂಟು ವರ್ಷದ ಹುಡುಗಿಯೋ, ಅವಳಿಗೆ ಎಲ್ಲರೂ ಒಂದೇ. ಹೊಸಬರು ಬೆಚ್ಚಿ ಬೀಳುತ್ತಾರೆ. ಹಳಬರು ಅದನ್ನೇ ಹೇಳಿಕೊಂಡು ನಗುತ್ತಾರೆ. ಆ ಕೋಪ ಎಲ್ಲಿಂದ ಬಂತು ಅನ್ನುವುದು ಮೂವರಿಗೆ ಗೊತ್ತಿತ್ತು. ಅವರಲ್ಲಿ ಅವಳ ಅಪ್ಪ ಸತ್ತು ಹದಿನಾರು ವರ್ಷವಾಯಿತು. ಉಳಿದದ್ದು ಅವಳು, ಮತ್ತು ಇನ್ನೊಬ್ಬ.

ಇದು ನಡೆದಾಗ ಅವಳಿಗೆ ಹದಿನೇಳು. ಮುಖದ ಮೇಲೆ ಸದಾ ಪ್ಲಾಸ್ಟರ್ ಪುಡಿ ಕೂತಿರುತ್ತಿದ್ದುದರಿಂದ ಓಣಿಯವರೆಲ್ಲ ಅವಳನ್ನು ಬಿಳಿಮೂತಿ ಎನ್ನುತ್ತಿದ್ದರು. ದೊಡ್ಡಾಸ್ಪತ್ರೆಯ ಹಿಂದಿನ ಗೇಟಿಗೆ ಎದುರಾಗಿ ಆ ಓಣಿ. ಒಂದು ಔಷಧಿ ಅಂಗಡಿ, ಒಂದು ಟೈರ್ ಅಂಗಡಿ, ಎರಡರ ನಡುವೆ ಇಕ್ಕಟ್ಟಿನಲ್ಲಿ ಅಪ್ಪನ ಅಂಗಡಿ. ಕಾಲು ಕಳೆದುಕೊಂಡವರಿಗೆ ಕಾಲು ಮಾಡಿಕೊಡುವುದು ಅಪ್ಪನ ಕಸುಬು. ಊರೆಲ್ಲ ಅವನನ್ನು ಕಾಲಿನ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಹುಡುಗಿಗೆ ಎಂಟು ತುಂಬುವ ಮೊದಲೇ ತಾಯಿ ತೀರಿಕೊಂಡಿದ್ದಳು. ಹತ್ತನೇ ತರಗತಿಗೆ ಶಾಲೆ ಬಿಡಿಸಿ ಅಪ್ಪ ಅವಳ ಕೈಗೆ ಉಜ್ಜುವ ಅರ ಕೊಟ್ಟ. ಕೈ ಚುರುಕು, ಬಾಯಿ ಇನ್ನೂ ಚುರುಕು. ಎರಡೇ ವರ್ಷದಲ್ಲಿ ಅಪ್ಪನ ಅರ್ಧ ಕೆಲಸ ಅವಳದಾಯಿತು.

ಕೆಲಸ ಹೀಗೆ. ಉಳಿದ ಮೋಟುಕಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯಬೇಕು. ಆ ಅಚ್ಚಿಗೆ ತಕ್ಕ ಬಟ್ಟಲು ಕಟ್ಟಬೇಕು. ಮೋಟು ಹೋಗಿ ಕೂರುವ ಗೂಡಿಗೆ ಅಂಗಡಿಯಲ್ಲಿ ಬಟ್ಟಲು ಎನ್ನುತ್ತಾರೆ. ಬಟ್ಟಲ ಒಳಗೆ ಮೆತ್ತನೆಯ ಚರ್ಮದ ಅಸ್ತರು. ಕೆಳಗಿನ ಕೊಳವೆ, ಪಾದ, ಪಟ್ಟಿಗಳನ್ನು ಯಾರು ಬೇಕಾದರೂ ಜೋಡಿಸಿಯಾರು, ಬಟ್ಟಲು ಮಾತ್ರ ಕೂದಲೆಳೆಯಷ್ಟು ಆಚೀಚೆಯಾದರೂ ಚರ್ಮ ಸುಲಿಯುತ್ತದೆ. ಎಲ್ಲಾದರೂ ಒತ್ತಿದರೆ ಜನ ಎರಡು ದಿನ ತಡೆಯುತ್ತಾರೆ, ಮೂರನೇ ದಿನ ಬೆಳಗ್ಗೆ ಶಾಪ ಹಾಕುತ್ತ ಬಾಗಿಲಲ್ಲಿ ನಿಂತಿರುತ್ತಾರೆ. ಇಪ್ಪತ್ತೈದು ವರ್ಷದಲ್ಲಿ ಹಾಗೆ ಬಾರದಿದ್ದವರೇ ಇಲ್ಲ ಎಂದು ಅಪ್ಪ ಹೇಳುತ್ತಿದ್ದ.

ಅಂಗಡಿಯ ಹಿಂದೆ ಉದ್ದನೆಯ ಕೋಣೆ. ಅಲ್ಲಿ ಸೊಂಟದೆತ್ತರಕ್ಕೆ ಎರಡು ಕಬ್ಬಿಣದ ಕಂಬಿಗಳು, ಹನ್ನೆರಡು ಹೆಜ್ಜೆಯ ಉದ್ದಕ್ಕೆ. ಹೊಸ ಕಾಲು ಹಾಕಿಕೊಂಡವರು ಎರಡೂ ಕೈಯಲ್ಲಿ ಅವನ್ನು ಹಿಡಿದು ನಡೆಯಲು ಕಲಿಯುತ್ತಿದ್ದರು. ಕಂಬಿಯ ಕೊನೆಗೆ ಯಾರಾದರೂ ನಿಂತಿರಲೇಬೇಕು, ಅದು ಅಪ್ಪನ ಪದ್ಧತಿ. "ಗೋಡೆ ಹತ್ರ ಹೋಗಕ್ಕೆ ಯಾರು ನಡೀತಾರೆ? ಮನುಷ್ಯರ ಹತ್ರ ಹೋಗಕ್ಕೆ ನಡೀತಾರೆ" ಎನ್ನುತ್ತಿದ್ದ. ಮಗುವಿಗೆ ತಾಯಿ ನಿಲ್ಲುತ್ತಿದ್ದಳು, ಅಜ್ಜನಿಗೆ ಮೊಮ್ಮಗ. ಯಾರೂ ಇಲ್ಲದವರಿಗೆ ಬಿಳಿಮೂತಿ. ಒಂಬತ್ತನೇ ವಯಸ್ಸಿನಿಂದ ಅವಳು ಅಲ್ಲಿ ನಿಂತು ಚಪ್ಪಾಳೆ ತಟ್ಟುತ್ತ ಬಂದಿದ್ದಳು.

ಆ ವರ್ಷ ಬೋರ್ಡಿನ ಹುಡುಗ ಬಂದ. ವಯಸ್ಸು ಹತ್ತೊಂಬತ್ತು, ಅಂಗಡಿಗಳಿಗೆ ಬೋರ್ಡು, ಗೋಡೆಗಳಿಗೆ ಜಾಹೀರಾತು ಬರೆಯುವ ಕೆಲಸ. ಏಣಿಯಿಂದ ಬಿದ್ದಿದ್ದರೆ ಹೇಳಿಕೊಳ್ಳಲು ಮರ್ಯಾದೆಯಾದರೂ ಇರುತ್ತಿತ್ತು. ಹಿಮ್ಮುಖವಾಗಿ ಬರುತ್ತಿದ್ದ ಲಾರಿಯೊಂದು ಗೋಡೆಗೂ ತನಗೂ ನಡುವೆ ಅವನ ಎಡಗಾಲನ್ನು ಜಜ್ಜಿಬಿಟ್ಟಿತ್ತು. ಮಂಡಿಯ ಕೆಳಗೆ ಒಂದು ಗೇಣು ಉಳಿದಿತ್ತು. ಅಪ್ಪ ಅದನ್ನು ಮುಟ್ಟಿ ನೋಡಿ ಸಂತೋಷಪಟ್ಟ. "ಮಂಡಿ ಉಳಿದಿದೆ ಕಣಯ್ಯಾ, ನೀನು ಪುಣ್ಯವಂತ. ಮಂಡಿ ಇದ್ರೆ ಏಣಿ ಹತ್ತಬಹುದು. ಮಂಡಿ ಹೋಗಿದ್ರೆ ನೀನು ಬ್ರಷ್ಷು ಎತ್ತಿಟ್ಟುಬಿಡಬೇಕಾಗಿತ್ತು" ಎಂದ. ಪುಣ್ಯವಂತ ಮುಖ ತಿರುಗಿಸಿಕೊಂಡು ಗೋಡೆ ನೋಡುತ್ತ ಕೂತಿದ್ದ.

ಕಾಲು ಸಿದ್ಧವಾಯಿತು, ಹುಡುಗ ಏಳಲಿಲ್ಲ. ದಿನಾ ಬರುತ್ತಿದ್ದ, ಸ್ಟೂಲಿನ ಮೇಲೆ ಕೂರುತ್ತಿದ್ದ, ಕಂಬಿ ಹಿಡಿ ಎಂದರೆ "ಯಾಕೆ?" ಎನ್ನುತ್ತಿದ್ದ. ಅವನ ತಾಯಿ ನಾಲ್ಕು ಬೀದಿಯಾಚೆ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದಳು. ಗಂಡನಿಲ್ಲ, ಇವನೊಬ್ಬನೇ ಮಗ. ಅವಳು ಕೊನೆಗೆ ನಿಂತು ಕೈಚಾಚಿ ಕರೆದರೆ ಇವನಿಗೆ ಇನ್ನಷ್ಟು ಹಟ. ಒಂದು ದಿನ ಅವಳು ಹೊರಗಿನ ಕಟ್ಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಅವಳಿಗೆ ಚಹಾ ತರಿಸಿಕೊಟ್ಟು, ಹುಡುಗ ಮನೆಗೆ ಹೊರಟ ಮೇಲೆ ಒಳಗೆ ಬಂದು ಮಗಳ ಪಕ್ಕ ನಿಂತ.

"ನಾಳೆಯಿಂದ ಅವನಿಗೆ ನೀನು ನಿಲ್ಲು."

"ನಿಂತರಾಯ್ತು, ಅದಕ್ಕೇನಂತೆ."

"ಸುಮ್ನೆ ನಿಲ್ಲೋದಲ್ಲ." ಅಪ್ಪ ಅರದ ಹಲ್ಲಿನಿಂದ ಪುಡಿ ಉದುರಿಸುತ್ತ ಹೇಳಿದ. "ಸ್ವಲ್ಪ ನಗ್ತಾ ಮಾತಾಡು. ಅವನ ಮೇಲೆ ಮನಸ್ಸಿರೋ ಹಾಗೆ. ಕಾಲು ಹೊರಡೋ ತನಕ ಅಷ್ಟೇ."

ಹುಡುಗಿ ಕಿಸಕ್ಕನೆ ನಕ್ಕಳು. ಅಪ್ಪನ ಹಿಂದೆಯೇ ಒಳಗೆ ಬಂದ ಹುಡುಗನ ತಾಯಿ ಇಸ್ತ್ರಿಯಮ್ಮ ಅವಳ ಎರಡೂ ಕೈ ಹಿಡಿದುಕೊಂಡು, "ನಿನ್ನ ದಮ್ಮಯ್ಯ ಅಂತೀನಿ ಕಣೇ ಮಗಳೇ. ಒಂದು ತಿಂಗಳು. ಆಮೇಲೆ ಅವನಿಗೆ ನಾನೇ ಏನೋ ಒಂದು ಹೇಳ್ಕೋತೀನಿ" ಎಂದಳು.

ಎಂಥ ಜನ ನೋಡಿ! ತಲೆ ನರೆತ ಇಬ್ಬರು, ಒಬ್ಬ ಅಪ್ಪ, ಒಬ್ಬಳು ಅಮ್ಮ, ಕೂತು ಮಾತಾಡಿಕೊಂಡು ಒಂದು ಹುಡುಗಿಯ ಪ್ರೀತಿಯನ್ನು ಔಷಧಿಯ ಹಾಗೆ ದಿನಕ್ಕೊಂದು ಸಲ ಎಂದು ಬರೆದುಕೊಟ್ಟರು. ತಿಂಗಳಾದ ಮೇಲೆ ಆ ಹುಡುಗನ ಗತಿ ಏನು, ಈ ಹುಡುಗಿಯ ಗತಿ ಏನು ಅನ್ನುವ ಯೋಚನೆ ಒಬ್ಬರಿಗಾದರೂ ಬರಬೇಡವೇ? ಬರಲಿಲ್ಲ. ಹುಡುಗಿಗಂತೂ ಇದು ತಮಾಷೆ. ಆ ಸಂಜೆ ಕೈ ತೊಳೆಯುವ ತೊಟ್ಟಿಯ ಮೇಲಿನ ಒಡಕು ಕನ್ನಡಿಯಲ್ಲಿ ನಗುವುದನ್ನು ಅಭ್ಯಾಸ ಮಾಡಿದಳು.

ಮರುದಿನ ಮುಖ ತೊಳೆದು, ಕೂದಲು ಬಾಚಿ ಕಂಬಿಯ ಕೊನೆಗೆ ನಿಂತಳು. ಹುಡುಗ ಮಾಮೂಲಿನಂತೆ ಸ್ಟೂಲಿನ ಮೇಲೆ ಕೂತು, ಅಪ್ಪ ಬಟ್ಟಲನ್ನು ಏರಿಸುವಾಗ "ಅಯ್ಯೋ, ಅಮ್ಮಾ" ಎಂದು ಮುಲುಗಿದ. ಅವಳಿಗೆ ಅದೆಲ್ಲಿಂದ ಹೊಳೆಯಿತೋ, ಅಪ್ಪ ಹೇಳಿಕೊಟ್ಟದ್ದಂತೂ ಅಲ್ಲ.

"ಅಯ್ಯೋ ಅಮ್ಮಾ ಅನ್ನೋ ಗಂಡಸರನ್ನ ಕಂಡ್ರೆ ನಂಗಾಗಲ್ಲಪ್ಪ" ಎಂದಳು. "ನೀವು ಹಾಗಲ್ಲ ಅಂದ್ಕೊಂಡಿದ್ದೆ. ನೋಡಕ್ಕೆ ಚೆನ್ನಾಗಿದೀರ, ಸದ್ದಿಲ್ಲದೆ ಒಂದು ಹೆಜ್ಜೆ ಇಡಕ್ಕಾಗಲ್ವಾ?"

ಹುಡುಗ ಮೊದಲ ಸಲ ಗೋಡೆ ಬಿಟ್ಟು ಅವಳ ಕಡೆ ನೋಡಿದ. ಕಂಬಿ ಹಿಡಿದ. ಎದ್ದ. ಬಾಯಿ ಬಿಗಿಹಿಡಿದು ಮೂರು ಹೆಜ್ಜೆ ಇಟ್ಟ. ಬಾಗಿಲ ಮರೆಯಲ್ಲಿದ್ದ ಇಸ್ತ್ರಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಬಿಳಿಮೂತಿಗೆ ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಳ್ಳುವಷ್ಟು ಹೆಮ್ಮೆಯಾಯಿತು.

ಹೀಗೆ ಶುರುವಾಯಿತು. ದಿನಾ ಹತ್ತು ಗಂಟೆಗೆ ಅವನು ಬರುವುದು, ಇವಳು ನಿಲ್ಲುವುದು. "ನಿಮ್ಮ ಕಣ್ಣು ಚೆನ್ನಾಗಿದೆ" ಎಂದಳು, ನೋಡಿಯೇ ಇರಲಿಲ್ಲ. "ನಿನ್ನೆ ನಿಮ್ಮನ್ನೇ ನೆನೆಸ್ಕೊಂಡೆ" ಎಂದಳು, ನೆನೆಸಿರಲಿಲ್ಲ. ಮೂರು ಹೆಜ್ಜೆ ಐದಾಯಿತು, ಐದು ಹನ್ನೆರಡಾಯಿತು. ಸಂಜೆ ಅಂಗಡಿ ಗುಡಿಸುವಾಗ ಅವನು ಹಲ್ಲು ಕಚ್ಚಿಕೊಂಡು ಮೆಲ್ಲಗೆ ಬರುವುದನ್ನು, ಅವಳ ಮಾತಿಗೆ ಕಿವಿ ಕೆಂಪಾಗುವುದನ್ನು ನಟಿಸಿ ತೋರಿಸುತ್ತಿದ್ದಳು. ಅಪ್ಪನೂ ಮಗಳೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಇವತ್ತೇನು ಮಾಡಿದ ನಿನ್ನ ಸರದಾರ?" ಎಂದು ಅಪ್ಪನೇ ಕೆದಕಿ ಕೇಳುತ್ತಿದ್ದ. ಪಾಪ, ಆ ಹೊತ್ತಿಗೆ ಅವನು ಮನೆಯಲ್ಲಿ ಇಸ್ತ್ರಿ ಮೇಜು ಹಿಡಿದುಕೊಂಡು ಇನ್ನೂ ಹತ್ತು ಸುತ್ತು ನಡೆಯುತ್ತಿರುತ್ತಿದ್ದ.

ಮೂರನೇ ವಾರ ಅವನು ಜೇಬಿನಿಂದ ಒಂದು ಪುಟ್ಟ ಸೀಸೆ ತೆಗೆದು ಅವಳ ಕೈಗಿಟ್ಟ. ಒಳಗೆ ಹಳದಿ ಎಣ್ಣೆ.

"ಏನಿದು?"

"ಅಗಸೆ ಎಣ್ಣೆ. ಬಣ್ಣ ತೊಳೆದ ಮೇಲೆ ನಾವು ಕೈಗೆ ಇದನ್ನೇ ಹಚ್ಚೋದು. ನಿನ್ನ ಬೆರಳೆಲ್ಲ ಒಡೆದಿದೆಯಲ್ಲ, ಪ್ಲಾಸ್ಟರ್ ಕಚ್ಚುತ್ತೆ ಅನ್ಸುತ್ತೆ. ರಾತ್ರಿ ಹಚ್ಕೊಂಡು ಮಲಗು."

ಬೆರಳು ಒಡೆದು ಎರಡು ವರ್ಷವಾಗಿತ್ತು. ಅಪ್ಪನ ಬೆರಳೂ ಒಡೆದಿದ್ದರಿಂದ ಅವನಿಗೆ ಅದು ಕಂಡಿರಲಿಲ್ಲ. ಅವಳಿಗೂ ಅದು ಹೇಳಿಕೊಳ್ಳುವಂಥದ್ದು ಅನ್ನಿಸಿರಲಿಲ್ಲ. ಆ ಸಂಜೆ ಅಪ್ಪ ಸರದಾರನ ಸುದ್ದಿ ಕೇಳಿದಾಗ "ನಡೆದ" ಎಂದಷ್ಟೇ ಹೇಳಿ ಪೊರಕೆ ತೆಗೆದುಕೊಂಡು ಹಿಂದಿನ ಕೋಣೆಗೆ ಹೋದಳು. ಮತ್ತೆಂದೂ ಅವನನ್ನು ಅಣಕಿಸಿ ತೋರಿಸಲಿಲ್ಲ. ಅವಳ ತಾಯಿ ಇದ್ದಿದ್ದರೆ ಅಂದೇ ಎಲ್ಲ ತಿಳಿದುಬಿಡುತ್ತಿತ್ತು. ಅಪ್ಪನಿಗೆ ಮೋಟುಕಾಲಿನ ಎಲುಬು ತಿಳಿಯುತ್ತಿತ್ತೇ ಹೊರತು ಮಗಳ ಮುಖ ತಿಳಿಯುತ್ತಿರಲಿಲ್ಲ.

ಸುತ್ತಿ ಬಳಸಿ ಹೇಳುವುದೇಕೆ, ಅವಳಿಗೆ ಅವನ ಮೇಲೆ ಪ್ರೀತಿಯಾಯಿತು. ಒಂಬತ್ತೂವರೆಯಿಂದಲೇ ಕಿವಿ ಬಾಗಿಲಲ್ಲಿ. ಒಂದು ದಿನ ಅವನು ಜ್ವರವೆಂದು ಬರಲಿಲ್ಲ. ಅಂದು ಎರಡು ಅಚ್ಚು ಒಡೆದಳು, ಟೈರ್ ಅಂಗಡಿಯವನ ಜೊತೆ ಜಗಳವಾಡಿದಳು. ಪಕ್ಕದ ಔಷಧಿ ಅಂಗಡಿಯ ಬೋರ್ಡು ಬರೆದದ್ದು ಅವನೇ ಎಂದು ತಿಳಿದ ಮೇಲೆ ದಿನಕ್ಕೆ ನಾಲ್ಕು ಸಲ ತಲೆನೋವಿನ ಮಾತ್ರೆ ನೆಪ ಮಾಡಿಕೊಂಡು ಹೋಗಿ ಅದರ ಕೆಳಗೆ ನಿಲ್ಲುತ್ತಿದ್ದಳು. ತಮಾಷೆಯೆಂದರೆ, ಸುಳ್ಳು ಹೇಳುವಾಗ ಪಟಪಟ ಹರಿಯುತ್ತಿದ್ದ ಮಾತು ಈಗ ಗಂಟಲಲ್ಲೇ ನಿಲ್ಲುತ್ತಿತ್ತು. "ಚೆನ್ನಾಗಿ ನಡೀತಿದೀಯ" ಎನ್ನುವುದಕ್ಕೂ ನಾಚಿಕೆ. ಅವನೂ ಏನೂ ಹೇಳಲಿಲ್ಲ. ನಕ್ಕರೆ ನಗುತ್ತಿದ್ದ, ನೋವಾದರೆ ತುಟಿ ಕಚ್ಚುತ್ತಿದ್ದ.

ನಲವತ್ತನೇ ದಿನ ಅಪ್ಪ ಕಾಲನ್ನು ತಿರುಗಿಸಿ ಮುರುಗಿಸಿ ನೋಡಿ, "ಆಯ್ತು. ನಾಳೆ ಕಾಯಂ ಅಸ್ತರು ಅಂಟಿಸಿಕೊಟ್ರೆ ಮುಗೀತು. ಇನ್ನು ಆರು ತಿಂಗಳಿಗೆ ಬಾ" ಎಂದ.

"ಸರಿಹೋಯ್ತು ಮೇಸ್ತ್ರಿ. ಮುಂದಿನ ವಾರ ನಮ್ಮ ಗುರುಗಳು ಬೇರೆ ಊರಿಗೆ ಹೊರಟಿದಾರೆ. ಮಿಲ್ಲಿನ ಗೋಡೆ, ನೂರಡಿ ಉದ್ದ. ಏಣಿ ಹತ್ತೋ ಹಾಗಿದ್ರೆ ಬಾ ಅಂದಿದಾರೆ. ಮೂರು ತಿಂಗಳ ಕೆಲಸ."

ಅವನ ಮುಖ ಅರಳಿತ್ತು. ಅವಳ ಕಡೆ ನೋಡಿದ. ಅವಳು ಬಗ್ಗಿ ನೆಲದ ಮೇಲಿನ ಸ್ಕ್ರೂ ಹೆಕ್ಕುತ್ತಿದ್ದಳು. ಅವನು ಹೋದ ಮೇಲೆ ಅಪ್ಪ ಹಗುರಾಗಿ, "ನಿನ್ನ ನಾಟಕಾನೂ ಮುಗೀತು ಬಿಡು" ಎಂದ. ಅವಳಿಗೆ ಅಪ್ಪನ ತಲೆಗೆ ಸುತ್ತಿಗೆ ಎತ್ತಿ ಹಾಕುವಷ್ಟು ಕೋಪ ಬಂತು.

ಮರುದಿನ ಅಪ್ಪ ಆಸ್ಪತ್ರೆಗೆ ಅಳತೆ ತೆಗೆಯಲು ಹೋದಾಗ ಅಸ್ತರು ಅಂಟಿಸುವ ಕೆಲಸ ಅವಳದಾಯಿತು. ಗೋಂದು ಹಚ್ಚಿದಳು. ಆಮೇಲೆ ಚರ್ಮದ ಚೂರುಗಳ ಡಬ್ಬಿಯಿಂದ ಕಿರುಬೆರಳ ಉಗುರಿನಷ್ಟು ಒಂದು ತುಂಡು ತೆಗೆದಳು. ಅಂಚು ಕೈಗೆ ಸಿಗದ ಹಾಗೆ ಅಪ್ಪ ಕಲಿಸಿದಂತೆಯೇ ಸುತ್ತ ತೆಳ್ಳಗೆ ಕೆತ್ತಿದಳು. ಮೋಟಿನ ಎಲುಬಿನ ತುದಿ ಕೂರುವ ಜಾಗಕ್ಕೆ ಅದನ್ನಿಟ್ಟು ಮೇಲೆ ಅಸ್ತರು ಎಳೆದು ಅಂಟಿಸಿದಳು. ಅವಳ ಲೆಕ್ಕ ಸೀದಾ ಇತ್ತು. ಎರಡು ದಿನ ಒತ್ತುತ್ತದೆ. ಮೂರನೇ ದಿನ ಬಂದೇ ಬರುತ್ತಾನೆ. ಅಸ್ತರು ಕಿತ್ತು ಹೊಸದು ಹಾಕಬೇಕು, ಸುಲಿದ ಚರ್ಮ ಆರುವ ತನಕ ಕಾಲು ಹಾಕಬೇಡ ಎಂದು ಅಪ್ಪನೇ ಹೇಳುತ್ತಾನೆ. ಅಷ್ಟರಲ್ಲಿ ಗುರುವಿನ ಬಸ್ಸು ಹೊರಟುಹೋಗಿರುತ್ತದೆ. ಹುಡುಗ ಇಲ್ಲೇ ಉಳಿಯುತ್ತಾನೆ, ಕಂಬಿಯ ಆ ಕಡೆ ಅವನು, ಈ ಕಡೆ ತಾನು. ಹದಿನೇಳರ ಬುದ್ಧಿ ಅದಕ್ಕಿಂತ ಮುಂದೆ ಓಡಲಿಲ್ಲ. ಮುಟ್ಟಿದರೆ ಗಾಯವಾಗುವ ಜಾಗ ಯಾವುದೆಂದು ಊರಿಗೆಲ್ಲ ಗೊತ್ತಿರುವುದಿಲ್ಲ, ಅವಳಿಗೆ ಗೊತ್ತಿತ್ತು, ಅದೇ ದುರದೃಷ್ಟ.

ಅವನು ಕಾಲು ಹಾಕಿಕೊಂಡು ಹೋದ ಮೂರನೇ ದಿನ ಬೆಳಗ್ಗೆ ಹೊಸ ಅಸ್ತರು ಕತ್ತರಿಸಿಟ್ಟುಕೊಂಡು ಕಾದಳು. ಅವನು ಬರಲಿಲ್ಲ. ನಾಲ್ಕನೇ ದಿನವೂ ಇಲ್ಲ. ಆರನೇ ದಿನ ಇಸ್ತ್ರಿಯಮ್ಮ ಆ ದಾರಿಯಲ್ಲಿ ಹೋಗುವಾಗ ನಿಂತು, "ಮಗ ಬೆಳಗ್ಗಿನ ಬಸ್ಸಿಗೆ ಹೋದ ಮೇಸ್ತ್ರಿ. ನಿಮ್ಮ ಕೈಗುಣ. ಓಡ್ಕೊಂಡು ಹೋಗಿ ಹತ್ತಿದ ನೋಡಿ" ಎಂದು ಕೈಮುಗಿದು ಹೋದಳು.

ಅಂದರೆ ಒತ್ತಲೇ ಇಲ್ಲ, ತುಂಡು ತೀರ ತೆಳ್ಳಗಾಯಿತು ಎಂದುಕೊಂಡಳು. ಒತ್ತಿದ್ದರೆ ಬರುತ್ತಿದ್ದ, ಬಾರದಿದ್ದವರೇ ಇಲ್ಲವಲ್ಲ! ಆಮೇಲೆ ಕೋಪ ಅವನ ಕಡೆ ತಿರುಗಿತು. ಹೋಗುವಾಗ ಒಂದು ಮಾತು ಹೇಳಿ ಹೋಗಲಿಲ್ಲ. ಕಾಲು ಸಿಕ್ಕಿತು, ಇನ್ನು ನಾನ್ಯಾಕೆ ಬೇಕು. "ಹಾಳಾಗಿ ಹೋಗಲಿ, ಕುಂಟ" ಎಂದು ಒಬ್ಬಳೇ ಇದ್ದಾಗ ಬಾಯಿಬಿಟ್ಟು ಬೈದಳು. ಹನ್ನೆರಡು ದಿನ ಹೀಗೆ ಮುಖ ಊದಿಸಿಕೊಂಡು ಓಡಾಡಿದಳು. ನಾಲ್ಕು ಬೀದಿ ದಾಟಿ ಇಸ್ತ್ರಿ ಅಂಗಡಿಗೆ ಹೋಗಿ, ಕಾಲು ಹೇಗಿದೆ ಎಂದು ಮಗನಿಗೆ ಕಾಗದ ಬರೆದು ಕೇಳಿ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಹೋಗಲಿಲ್ಲ ಮಹರಾಯ್ತಿ. ಕಾಯುವವಳಿಗೆ ಅಭಿಮಾನ ಅಡ್ಡ ಬಂತು.

ಹತ್ತೊಂಬತ್ತನೇ ದಿನ ಮಧ್ಯಾಹ್ನ ಇಸ್ತ್ರಿಯಮ್ಮ ಒಂದು ಬಟ್ಟೆಚೀಲ ಹಿಡಿದುಕೊಂಡು ಬಂದಳು. ಚೀಲದಲ್ಲಿ ಕಾಲಿತ್ತು. ಮೂರು ದಿನದಿಂದ ಹುಡುಗ ಎದುರಿನ ಆಸ್ಪತ್ರೆಯಲ್ಲೇ ಇದ್ದ. ಓಣಿಯ ಆಚೆಗೆ, ಗೋಡೆಯ ಆಚೆಗೆ. ಮೋಟು ಕೊಳೆತಿತ್ತು. ಮಂಡಿಯ ಮೇಲಕ್ಕೆ ಕತ್ತರಿಸಿ ತೆಗೆದಿದ್ದರು.

"ದಿನಕ್ಕೆ ಮೂವತ್ತು ನಲವತ್ತು ಸಲ ಏಣಿ ಹತ್ತಿ ಇಳೀತಿದ್ನಂತೆ" ಎಂದು ಅವಳು ಅಳದೆ, ಯಾರದೋ ಕತೆಯಂತೆ ಹೇಳಿದಳು. ಅಳು ಮುಗಿದಿತ್ತು. "ಹುಣ್ಣಾಗಿದ್ದು ಯಾರಿಗೂ ಹೇಳಿಲ್ಲ. ಮೇಲೆ ಮೇಲೆ ಮೂರು ಕಾಲ್ಚೀಲ ಹಾಕ್ಕೊಂಡಿದಾನೆ. ಕೊನೆಗೆ ವಾಸನೆ ಬಂದು ಗುರುಗಳಿಗೆ ಗೊತ್ತಾಗಿದೆ. ಅಷ್ಟೊತ್ತಿಗೆ ಜ್ವರ ತಲೆಗೇರಿತ್ತು. ಹೇಳಕ್ಕೇನೋ ಆಗಿತ್ತು ನಿನಗೆ, ಎರಡು ದಿನಕ್ಕೇ ವಾಪಸ್ ಹೋಗಿ ತೋರಿಸಬಾರದಾಗಿತ್ತಾ ಅಂದ್ರೆ..." ಅವಳು ಹುಡುಗಿಯ ಕಡೆ ತಿರುಗಿ, ಬೈಗುಳವೂ ಅಲ್ಲದ ಪ್ರೀತಿಯೂ ಅಲ್ಲದ ದನಿಯಲ್ಲಿ ಮುಗಿಸಿದಳು. "ಅಯ್ಯೋ ಅಮ್ಮಾ ಅನ್ನೋ ಗಂಡಸರನ್ನ ಕಂಡ್ರೆ ಅವಳಿಗಾಗಲ್ಲಮ್ಮ ಅಂತಾನೆ."

ಅಪ್ಪ ಚೀಲದಿಂದ ಕಾಲು ತೆಗೆದು, ಎಂದಿನ ಹಾಗೆ ಕಣ್ಣು ಮುಚ್ಚಿ ಬಟ್ಟಲೊಳಗೆ ಬೆರಳಾಡಿಸಿದ. ಬೆರಳು ಒಂದು ಕಡೆ ನಿಂತಿತು. ಮತ್ತೆ ಹೋಗಿ, ಮತ್ತೆ ಅಲ್ಲೇ ನಿಂತಿತು. ಕಣ್ಣು ತೆರೆದು ಮಗಳನ್ನು ನೋಡಿದ. ಇಸ್ತ್ರಿಯಮ್ಮನಿಗೆ, "ಇದು ಇಲ್ಲೇ ಇರ್ಲಿ ತಾಯಿ. ಹೊಸಾದು ನಾನು ಮಾಡ್ತೀನಿ" ಎಂದು ಹೇಳಿ ಕಳಿಸಿದ.

ಅವಳು ಹೋದ ಮೇಲೆ ಅಸ್ತರು ಕಿತ್ತ. ತುಂಡು ಅಂಗೈ ಮೇಲೆ ಬಂತು. ಅದರ ಅಂಚಿನ ಕೆತ್ತನೆ ನೋಡಿದರೆ ಯಾರ ಕೈ ಎಂದು ಕೇಳಬೇಕಾಗಿರಲಿಲ್ಲ.

"ಯಾಕೆ?"

ಅವಳು ಹೇಳಿದಳು. ಮೂರನೇ ದಿನ ಬರುತ್ತಾನೆ ಅಂದುಕೊಂಡಿದ್ದೆ ಎಂದಳು. ಅಪ್ಪ ಕೆನ್ನೆಗೆ ಒಂದು ಬಿಟ್ಟ, ಅವಳು ಕಪಾಟಿಗೆ ಬಡಿದು ಕೆಳಗೆ ಕೂತಳು. ಆಮೇಲೆ ಅವನೇ ಪಕ್ಕದಲ್ಲಿ ಕುಕ್ಕರಿಸಿ ಕೂತ.

"ಹೋಗಿ ಹೇಳ್ಬಿಡ್ತೀನಿ ಅಪ್ಪಾ."

"ಹೇಳಿದ್ರೆ ಮಂಡಿ ಮೊಳೆಯುತ್ತಾ?" ಎಂದ ಅಪ್ಪ. "ಅಂಗಡಿ ಹೋಗುತ್ತೆ. ನಿನ್ನನ್ನ ಪೊಲೀಸ್ ಸ್ಟೇಷನ್‌ಗೆ ಎಳ್ಕೊಂಡು ಹೋಗ್ತಾರೆ. ನಾನು ಹೇಳಿದ್ದಕ್ಕೇ ನೀನು ಅಲ್ಲಿ ನಿಂತಿದ್ದು, ಪಾಪ ನಂದೂ ಇದೆ. ಬಾಯಿ ಮುಚ್ಕೊಂಡಿರು." ತುಂಡನ್ನು ಒಲೆಗೆ ಹಾಕಿದ. ಚರ್ಮ ಸುಟ್ಟ ವಾಸನೆಗೆ ಟೈರ್ ಅಂಗಡಿಯವನು ಬಂದು ಏನಾಯಿತು ಎಂದು ವಿಚಾರಿಸಿಕೊಂಡು ಹೋದ.

ಮೂರು ತಿಂಗಳಾದ ಮೇಲೆ ಗಾಯ ಮಾಗಿ ಹುಡುಗ ಬಂದ, ಎರಡು ಊರುಗೋಲಿನಲ್ಲಿ. ಅಪ್ಪ ಕಬ್ಬಿಣದ ಮಂಡಿ ಹಾಕಿ ದೊಡ್ಡ ಕಾಲು ಮಾಡಿದ. ಅದು ನೆಟ್ಟಗೆ ನಿಂತರೆ ಚಿಲಕ ಬೀಳುತ್ತದೆ, ಕೂರಬೇಕಾದರೆ ಕೈಯಿಂದ ಚಿಲಕ ತೆಗೆಯಬೇಕು. ಅದನ್ನು ಹಾಕಿಕೊಂಡು ರಸ್ತೆ ದಾಟಬಹುದು, ಏಣಿ ಹತ್ತಲಾಗದು. ಇಸ್ತ್ರಿಯಮ್ಮ ಅಪ್ಪನ ಎದುರು ಕೂತು ನೇರವಾಗಿ ಕೇಳಿದಳು. "ನಿಮ್ಮ ಹುಡುಗಿಗೂ ಇವನ ಮೇಲೆ ಮನಸ್ಸಿದೆ ಅಂತ ನಂಗನ್ಸುತ್ತೆ. ಆಗ ಸುಳ್ಳಿಗೆ ಅಂದ್ರೂ, ಈಗ ಅವಳ ಮುಖ ನೋಡಿದ್ರೆ ಗೊತ್ತಾಗಲ್ವಾ? ಇನ್ನೆರಡು ವರ್ಷ ಬಿಟ್ಟು ಮದುವೆ ಮಾಡ್ಬಿಡೋಣ. ಇನ್ನು ಇವನಿಗೆ ಹೆಣ್ಣು ಯಾರು ಕೊಡ್ತಾರೆ ಮೇಸ್ತ್ರಿ?" ಅಪ್ಪ ತಕ್ಷಣ ಒಪ್ಪಿದ. ತಪ್ಪಿಗೆ ಮಗಳನ್ನೇ ಕೊಟ್ಟು ಕೈ ತೊಳೆದುಕೊಳ್ಳುವ ಹಾದಿ ಸಿಕ್ಕಿತೆಂದು ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ರಕ್ತ ಆಡಿತು. ಬಾಗಿಲ ಹಿಂದೆ ಕೇಳಿಸಿಕೊಂಡ ಹುಡುಗಿಗೆ ಸಂತೋಷ, ಮುಚ್ಚುಮರೆಯಿಲ್ಲದ ಸಂತೋಷ. ನಾಚಿಕೆಗೇಡಿನದೇ ಸರಿ, ಆದರೆ ಸಂತೋಷವೇ.

ಮರುದಿನ ಹತ್ತು ಗಂಟೆಗೆ ಕಂಬಿಯ ಕೊನೆಗೆ ಹೋಗಿ ನಿಂತಳು. ಅವನು ಹೊಸ ಕಾಲನ್ನು ಸೊಂಟದಿಂದ ಎತ್ತಿ ಎಸೆದು, ಚಿಲಕ ಟಕ್ಕೆಂದ ಮೇಲೆ ಭಾರ ಹಾಕಿ, ಒಂದೊಂದೇ ಹೆಜ್ಜೆ ಬಂದ. ಏಳನೆಯದಕ್ಕೆ ನಿಂತ.

"ಅಮ್ಮ ಮದುವೆ ಮಾತು ಎತ್ತಿದಾಳಂತೆ. ಕನಿಕರಕ್ಕೆ ಒಪ್ಕೊಳ್ಬೇಡ."

"ಕನಿಕರ ಅಲ್ಲ."

"ನಾನೇ ಕೇಳೋನಿದ್ದೆ. ಆ ಗೋಡೆ ಮುಗಿಸಿ ಬಂದು, ನೋಡು ಏಣಿ ಹತ್ತಿದೀನಿ, ಈಗ್ಹೇಳು ಅಂತ ಕೇಳೋನಿದ್ದೆ." ಅವನು ನಕ್ಕ. "ಈಗ ಹತ್ತೋ ಮಾತಿಲ್ಲ. ಆದ್ರೂ ಕೇಳ್ತಿದೀನಿ."

ತಲೆಯಾಡಿಸಿದ್ದರೆ ಮುಗಿದಿತ್ತು. ಅವಳು ಆಡಿಸುವವಳೂ ಇದ್ದಳು. ಆದರೆ ಅವನ ಕೆಳತುಟಿಯಲ್ಲಿ ರಕ್ತ ಕಂಡಿತು. ಕಂಬಿ ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು, ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

"ನೋಯ್ತಿದೆಯಾ?"

"ಇಲ್ಲ."

"ನಿಜ ಹೇಳು."

"ಇಲ್ಲ ಅಂದ್ನಲ್ಲ" ಎಂದು ಅವನು ಇನ್ನೊಂದು ಸಲ ನಕ್ಕ. ಅವಳಿಗೋಸ್ಕರ ನಕ್ಕ. ಹೀಗೆಯೇ ಜೀವನಪೂರ್ತಿ ತುಟಿ ಕಚ್ಚಿಕೊಂಡು ಇವನು ತನ್ನೆದುರು ನಗುತ್ತಾನೆ ಎಂದು ತಿಳಿದಾಗ ಅವಳಿಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟಳು. ಅಪ್ಪ ನಿಲ್ಲಿಸಿದ್ದು, ಅವನ ತಾಯಿ ಕೈಹಿಡಿದು ಕೇಳಿಕೊಂಡದ್ದು, ಅಯ್ಯೋ ಅಮ್ಮಾ ಅನ್ನುವ ಗಂಡಸರ ಮಾತು ಸುಮ್ಮನೆ ಬಾಯಿಗೆ ಬಂದದ್ದು, ಎಣ್ಣೆಯ ಸೀಸೆ, ಆಮೇಲೆ ಚರ್ಮದ ತುಂಡು. ಒಂದನ್ನೂ ಬಿಡಲಿಲ್ಲ.

ಅವನು ಪೂರ್ತಿ ಕೇಳಿದ. "ಎಷ್ಟು ದೊಡ್ಡದಿತ್ತು?" ಎಂದ.

ಅವಳು ಕಿರುಬೆರಳ ಉಗುರು ತೋರಿಸಿದಳು.

"ಎರಡನೇ ದಿನಾನೇ ಒತ್ತಿತು. ನನ್ನ ಮೋಟೇ ಸರಿ ಇಲ್ಲ ಅಂದ್ಕೊಂಡೆ." ಅವನು ತನ್ನಷ್ಟಕ್ಕೆ ಲೆಕ್ಕ ಸರಿಮಾಡಿಕೊಂಡ. "ನಾನು ಹೋಗಬಾರದು ಅಂತ ಮಾಡಿದ್ಯಾ?"

"ಹೂಂ."

"ಇರು ಅಂದಿದ್ರೆ ಇರ್ತಿರ್ಲಿಲ್ವಾ?"

ಅವನು ಕಂಬಿಗಳ ನಡುವೆ ಒಂದೊಂದೇ ಕೈ ಬದಲಿಸಿ ಹಿಂದಕ್ಕೆ ತಿರುಗಿದ. ಹೊಸ ಕಾಲಿನವರಿಗೆ ತಿರುಗುವುದೇ ಎಲ್ಲಕ್ಕಿಂತ ಕಷ್ಟ, ಮೊದಲ ದಿನ ಯಾರೂ ತಿರುಗುವುದಿಲ್ಲ. ತಿರುಗಿ, ಯಾರೂ ನಿಲ್ಲದ ಆ ಕೊನೆಯ ಕಡೆ ಹೊರಟ. ಮೊದಲ ಹೆಜ್ಜೆಗೆ "ಅಯ್ಯೋ" ಎಂದ. ಎರಡನೆಯದಕ್ಕೆ "ಅಮ್ಮಾ" ಎಂದು ಕೂಗಿದ. ಏಳು ಹೆಜ್ಜೆಗೂ ಗಂಟಲು ಹರಿಯುವಂತೆ ಅಯ್ಯೋ ಅಮ್ಮಾ ಎಂದು ಅರಚಿಕೊಂಡೇ ನಡೆದ. ಅಪ್ಪ, ಇಸ್ತ್ರಿಯಮ್ಮ ಇಬ್ಬರೂ ಬಿದ್ದೆದ್ದು ಓಡಿಬಂದರು. "ತುಂಬಾ ನೋಯುತ್ತೆ ಮೇಸ್ತ್ರಿ, ಬಿಚ್ಚಿ" ಎಂದ. ತಾಯಿಗೆ, "ಈ ಹುಡುಗಿ ನಂಗೆ ಬೇಡ" ಎಂದ. ಬೇರೇನೂ ಹೇಳಲಿಲ್ಲ.

ಆ ತುಂಡಿನ ಸಂಗತಿಯನ್ನು ಅವನು ಯಾರಿಗೂ, ಎಂದಿಗೂ ಹೇಳಲಿಲ್ಲ. ಅದು ಕರುಣೆಯೋ ಸೇಡೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಒಂಟಿಕಾಲಿನವನೂ ಬೇಡ ಅಂದ ಹುಡುಗಿ ಎಂದು ಓಣಿಯಲ್ಲಿ ಎರಡು ವರ್ಷ ಆಡಿಕೊಂಡರು. ಏನೋ ಐಬು ಇರಬೇಕು ಎಂದು ಬರುವ ಸಂಬಂಧಗಳೂ ತಪ್ಪಿದವು. ಅವಳು ಮದುವೆಯ ಮಾತೆತ್ತಲಿಲ್ಲ. ಅವನು ನೆಲದ ಮೇಲೆ ಕೂತು ಗಾಡಿಗಳ ನಂಬರ್ ಪ್ಲೇಟು ಬರೆಯಲು ಶುರುಮಾಡಿದ, ಮದುವೆಯಾದ, ಇಬ್ಬರು ಮಕ್ಕಳಾದರು. ಅಪ್ಪ ಸತ್ತ ಮೇಲೆ ಅವಳು ಮೇಸ್ತ್ರಿಯಮ್ಮನಾದಳು.

ಬಟ್ಟಲು ಮೂರು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಹಾಗಾಗಿ ಅವನು ಮೂರು ವರ್ಷಕ್ಕೊಮ್ಮೆ ಬರುತ್ತಾನೆ. ಕಳೆದ ತಿಂಗಳೂ ಬಂದಿದ್ದ, ಕೂದಲೆಲ್ಲ ನರೆತಿದೆ. ಮೇಸ್ತ್ರಿಯಮ್ಮ ಅವನ ಮುಂದೆ ಮಂಡಿಯೂರಿ ಕೂತು ಪಟ್ಟಿ ಬಿಗಿದಳು. ಅವನ ಹೆಂಡತಿ ಹೋಗಿ ಕಂಬಿಯ ಕೊನೆಗೆ ನಿಂತಳು. ಮಾತುಗಾತಿ, ಒಳ್ಳೆಯ ಹೆಂಗಸು.

"ಈಗ ಎಲ್ಲಾ ಕಡೆ ದೊಡ್ಡ ದೊಡ್ಡ ಅಂಗಡಿ ಆಗಿದೆಯಲ್ಲ ಮೇಸ್ತ್ರಿಯಮ್ಮ, ಮಗ ಅಲ್ಲಿಗೇ ಹೋಗೋಣ ಅಂತಾನೆ. ಇವರು ಕೇಳಲ್ಲ. ನಿಮ್ಮ ಕೈ ಬಿಟ್ರೆ ಬೇರೆ ಯಾರ ಕೈಲೂ ಮಾಡಿಸ್ಕೊಳಲ್ಲ ಅಂತ ಹಟ. ನಿಮ್ಮ ಮೇಲೆ ಇವರಿಗೆ ಅಷ್ಟು ನಂಬಿಕೆ!"

ಮೇಸ್ತ್ರಿಯಮ್ಮ ತಲೆಯೆತ್ತಲಿಲ್ಲ. ಕೈ ಮಾತ್ರ ಪಟ್ಟಿಯ ಮೇಲೆ ನಿಂತಿತು.

"ನಂಬಿಕೆ ಅಲ್ಲ ಕಣೇ" ಎಂದ ಅವನು, ಕಂಬಿ ಹಿಡಿದು ಏಳುತ್ತ. "ಅವರಿಂದ ಇನ್ನೊಂದು ಸಲ ತಪ್ಪಾಗಲ್ಲ, ಅಷ್ಟೇ."

ತಮಾಷೆಯೆಂದುಕೊಂಡು ಹೆಂಡತಿ ಜೋರಾಗಿ ನಕ್ಕಳು. ಅವನು ಅವಳ ಕಡೆ ಹೆಜ್ಜೆ ಹಾಕಿದ.